ಜಡೆ ಗ್ಲೌಸ್ ಹೆಣೆಯೋರು ಮೊದ್ಲು ಅಗಲದ ಲೆಕ್ಕ ಹಾಕ್ರಿ

ಬಳ್ಳಾರಿ ಬಿಸಿಲಿಗೆ ಉಲ್ಲನ್ ಗ್ಲೌಸ್ ಯಾಕ್ರಿ ಅಂತ ಬಹಳ ಮಂದಿ ಕೇಳ್ತಾರೆ, ಆದ್ರೆ ನನ್ನ ಕ್ಲಾಸಿಗೆ ಬರೋರು ಹೆಣೆಯೋದು ಜಾಸ್ತಿ ಬೇರೆ ಊರಲ್ಲಿರೋರಿಗೆ, ಮಗಳು ಜರ್ಮನಿಯಲ್ಲಿ ಓದ್ತಿರ್ತಾಳೆ, ಮಗ ಕೆನಡಾದಲ್ಲಿರ್ತಾನೆ, ಇಲ್ಲಾ ಮನೆಯೋರೆಲ್ಲಾ ಕೇದಾರನಾಥಕ್ಕೆ ಹೊರಟಿರ್ತಾರೆ. ಮೊಬೈಲ್ ಒತ್ತೋಕೆ ಬೆರಳು ಹೊರಗಿರಬೇಕು, ಹಂಗಾಗಿ ಬೆರಳಿಲ್ಲದ ಗ್ಲೌಸೇ ಎಲ್ರಿಗೂ ಬೇಕು, ಅದ್ರ ಮೇಲೆ ಒಂದು ಜಡೆ ಡಿಸೈನ್ (ಕೇಬಲ್ ಅಂತಾರಲ್ಲ, ಅದು) ಇರಲೇಬೇಕು.

ಜಡೆ ತಿರುವೋಕೆ ಹೆದರಬೇಡ್ರಿ, ಒಂದೇ ಕ್ಲಾಸಲ್ಲಿ ಬರ್ತೈತೆ. 6 ಸ್ಟಿಚ್ ಜಡೆಗೆ ಮೊದಲ 3 ಸ್ಟಿಚ್ ಸಣ್ಣ ಕಡ್ಡಿಗೆ ತಗೊಂಡು ಮುಂದೆ ಬಿಡ್ರಿ, ಮುಂದಿನ 3 ಸೀದಾ ಹೆಣೀರಿ, ಆಮೇಲೆ ಸಣ್ಣ ಕಡ್ಡಿಯಲ್ಲಿರೋ 3 ಹೆಣೀರಿ. ಮುಂದೆ ಬಿಟ್ರೆ ಎಡಕ್ಕೆ ವಾಲ್ತೈತೆ, ಹಿಂದೆ ಬಿಟ್ರೆ ಬಲಕ್ಕೆ. 5 ಸಾಲು ಹಂಗೇ ಹೆಣೆದು 6ನೇದ್ರಲ್ಲಿ ಮತ್ತೆ ತಿರುವೋದು. ಎರಡೂ ಪಕ್ಕ 2-2 ಉಲ್ಟಾ (ಪರ್ಲ್) ಸ್ಟಿಚ್ ಇಡ್ರಿ, ಆಗ್ಲೇ ಜಡೆ ಎದ್ದು ಕಾಣೋದು.

ಕೈ ಕೊಡೋದು ಅಗಲ ನೋಡ್ರಿ. ಬಿಚ್ಚಿದ ಕೂದಲು ಎಷ್ಟು ಹರವಾಗಿರ್ತೈತೆ, ಹೆಣೆದ ಮೇಲೆ ಎಷ್ಟು ಸಣ್ಣ ಆಗ್ತೈತೆ, ಉಲ್ಲನ್‌ದೂ ಅದೇ ಕತೆ, ಸ್ಟಿಚ್ ಒಂದ್ರ ಮೇಲೊಂದು ಹತ್ತಿದಾಗ ಬಟ್ಟೆ ಒಳಕ್ಕೆ ಎಳೀತೈತೆ. ಮಣಿಕಟ್ಟು ಚಂದ ಕೂತಿರ್ತೈತೆ, ಅಂಗೈ ಹತ್ರ ಬಂದಾಗ ಗ್ಲೌಸ್ ಏರೋದೇ ಇಲ್ಲ. 4 ಎಂಎಂ ಕಡ್ಡಿ, ಡಿಕೆ ಅನ್ನೋ ಮಧ್ಯಮ ದಪ್ಪದ ದಾರದಲ್ಲಿ 10 ಸೆಂಟಿಮೀಟರಿಗೆ 22 ಸ್ಟಿಚ್ ಬರ್ತಿದ್ರೆ, 18 ಸೆಂಟಿಮೀಟರ್ ಸುತ್ತಳತೆಯ ಅಂಗೈಗೆ ಪ್ಲೇನ್ ಹೆಣಿಗೆಗೆ ಸುಮಾರು 40 ಸ್ಟಿಚ್ ಸಾಕು. ಮಣಿಕಟ್ಟಿನ ರಿಬ್ (ಸೀದಾ-ಉಲ್ಟಾ ಪಟ್ಟಿ) 40ರಲ್ಲೇ ಹೆಣೀರಿ, ಅದು ಮುಗಿದ ಸಾಲಲ್ಲಿ ಜಡೆ ಬರೋ ಜಾಗದಲ್ಲೇ 2 ಸ್ಟಿಚ್ ಹೆಚ್ಚಿಸ್ರಿ. ಎರಡು ಜಡೆ ಇದ್ರೆ 4. ಸ್ಯಾಂಪಲ್ ತುಂಡು ಹೆಣೆಯುವಾಗ್ಲೂ ಜಡೆ ಸೇರಿಸೇ ಹೆಣೀರಿ, ಪ್ಲೇನ್ ತುಂಡಿನ ಅಳತೆ ಜಡೆಗೆ ಹೊಂದಲ್ಲ.

ತಪ್ಪು ತಿರುವಿದ್ದು ಎಂಟ್ಹತ್ತು ಸಾಲು ಆದಮೇಲೆ ಕಣ್ಣಿಗೆ ಬಿತ್ತು ಅಂದ್ರೆ ಎಷ್ಟೋ ಜನ ಪೂರ್ತಿ ಬಿಚ್ಚಿಬಿಡ್ತಾರೆ, ನನಗೆ ಅದನ್ನ ನೋಡೋಕಾಗಲ್ಲ. ಆ 6 ಸ್ಟಿಚ್ ಮಾತ್ರ ಕಡ್ಡಿಯಿಂದ ಇಳಿಸಿ ತಪ್ಪಾದ ಸಾಲಿನ ತನಕ ಬಿಚ್ರಿ, ಏಣಿ ಥರ ಅಡ್ಡ ಎಳೆ ಕಾಣ್ತಾವೆ. 3-3 ಸ್ಟಿಚ್ ಸರಿಯಾಗಿ ಅದಲು ಬದಲು ಮಾಡಿ, ಎಲ್ಲಕ್ಕಿಂತ ಕೆಳಗಿನ ಎಳೆಯಿಂದ ಶುರು ಮಾಡಿ ಒಂದೊಂದು ಎಳೆಗೂ 6 ಸ್ಟಿಚ್ ಹೆಣೀತಾ ಮೇಲೆ ಬರ್ರಿ, ನಡುವೆ ತಿರುವೋ ಸಾಲು ಬಂದ್ರೆ ಅಲ್ಲೂ ತಿರುವ್ರಿ, ಎರಡು ಮೊನೆಯ ಸಣ್ಣ ಕಡ್ಡಿ ಇದ್ರೆ ಸುಲಭ. ಕೊನೇ ಎಳೆ ಸ್ವಲ್ಪ ಸಡಿಲ ಇರ್ತೈತೆ, ಅಕ್ಕಪಕ್ಕ ಎಳೆದ್ರೆ ಸರಿಹೋಗ್ತೈತೆ.

ಹೆಬ್ಬೆರಳಿಗೆ 3 ಸಾಲಿಗೊಮ್ಮೆ 2 ಸ್ಟಿಚ್ ಹೆಚ್ಚಿಸ್ತಾ 15 ಆದಾಗ ಬೇರೆ ದಾರಕ್ಕೆ ಎತ್ತಿಡ್ರಿ. ಜಡೆ ಕೈ ಮೇಲ್ಭಾಗದಲ್ಲಿರೋದ್ರಿಂದ ಹೆಬ್ಬೆರಳು ಒಂದು ಗ್ಲೌಸಿಗೆ ಜಡೆಯ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಬರಬೇಕು, ಇದನ್ನ ಮರೆತ್ರೆ ಎರಡೂ ಒಂದೇ ಕೈಗೆ ಆಗ್ತಾವೆ.

ನಮ್ಮ ಬಳ್ಳಾರಿ ಕುರಿ ಉಣ್ಣೆಯಲ್ಲಿ ಹೆಣೀಬಹುದಾ ಅಂತನೂ ಕೇಳ್ತಾರೆ. ಆ ಉಣ್ಣೆ ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು, ಆದ್ರೆ ಮಣಿಕಟ್ಟಿನ ಚರ್ಮಕ್ಕೆ ಚುಚ್ತೈತೆ. ಮೆರಿನೋ ಅನ್ನೋ ಮೆತ್ತನೆ ಕುರಿ ಉಣ್ಣೆ ಸಿಕ್ಕರೆ ಅದೇ ತಗೊಳ್ರಿ, ಇಲ್ಲಾಂದ್ರೆ ಒಳ್ಳೆ ಅಕ್ರಿಲಿಕ್. ಹತ್ತಿ ದಾರ ಬೇಡ, ಎಳೆದ್ರೆ ವಾಪಸ್ ಬರಲ್ಲ, ನಾಲ್ಕು ಸಲ ಹಾಕಿದ ಮೇಲೆ ಜೋಲು ಬೀಳ್ತೈತೆ. ಏಪ್ರಿಲ್‌ನಲ್ಲಿ ಹೆಣೆಯೋರಿಗೆ ಕೈ ಬೆವರಿ ಸ್ಟೀಲ್ ಕಡ್ಡಿಯಲ್ಲಿ ದಾರ ಅಂಟ್ತೈತೆ, ಬಿದಿರಿನ ಕಡ್ಡಿ ಹಿಡೀರಿ, ಬೆಳಿಗ್ಗೆ ಹೊತ್ತು ಕೂತ್ಕೊಳ್ರಿ.

ಮುಗಿದ ಮೇಲೆ ಉಣ್ಣೆದಾದ್ರೆ ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ ನೆರಳಲ್ಲಿ ಹರವ್ರಿ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಲೇಬೇಡ್ರಿ, ಒಂದು ಸಲ ಬಿಸಿ ತಾಗಿದ್ರೆ ಎದ್ದು ನಿಂತ ಜಡೆ ಚಪ್ಪಟೆ ಆಗ್ತೈತೆ, ಮತ್ತೆ ಏಳಲ್ಲ.