ಮುಚ್ಚುವ ಮೊದಲು ಇಳಿಜಾರು ನೋಡಿ

ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಓಡಾಡಿದರೆ ಹಸಿರು ಗದ್ದೆಗಳ ನಡುವೆ ಬೆಳ್ಳಗೆ ಉಪ್ಪು ಉಕ್ಕಿದ ಹೊಲಗಳು ಸಿಗುತ್ತವೆ. ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಿದ್ದ ಎಷ್ಟೋ ಹೊಲಗಳಲ್ಲಿ ಜನ ಭತ್ತ ಬೆಳೆದರು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೆ ಬಂತು, ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಇದೇ ಸವಳು-ಜವಳು.

ಇದಕ್ಕೆ ನಾವು ಮಾಡುವ ಕೆಲಸ ನೆಲದೊಳಗೆ ಬಸಿಗಾಲುವೆ ಹಾಕುವುದು. ತೂತುಗಳಿರುವ ಸುಕ್ಕು ಪಿವಿಸಿ ಕೊಳವೆ, ಮೇಲೆ ಬಟ್ಟೆಯಂಥ ಫಿಲ್ಟರ್, ಸುಮಾರು ಒಂದು ಮೀಟರ್ ಆಳ. ಸಾಮಾನ್ಯವಾಗಿ 80 ಮಿ.ಮೀ. ಕೊಳವೆ. ಅದನ್ನು ನೋಡಿ ರೈತರು ಕೇಳುತ್ತಾರೆ, "ಸರ, ಇಷ್ಟ ಸಣ್ಣ ಪೈಪಿನಾಗ ಹೊಲದ ನೀರೆಲ್ಲಾ ಹೋಕ್ಕೈತೇನ್ರಿ?" ಹೋಗುತ್ತದೆ, ಇಳಿಜಾರು ಸರಿಯಿದ್ದರೆ.

ಆ ಇಳಿಜಾರು ಎಷ್ಟು ಕಡಿಮೆ ಅಂತ ನೋಡಿ. ಶೇ. 0.1 ಅಂದರೆ 100 ಮೀಟರಿಗೆ ಬರೀ 10 ಸೆಂ.ಮೀ. ಕಣ್ಣಿಗೆ ಅದು ಕಾಣುವುದೇ ಇಲ್ಲ. ನಡುವೆ ಎಲ್ಲೋ ಕೊಳವೆ ನಾಲ್ಕು ಬೆರಳು ತಗ್ಗಿದರೂ ಅಲ್ಲಿ ನೀರು ನಿಲ್ಲುತ್ತದೆ, ಹೂಳು ಕೂರುತ್ತದೆ, ಅದರಿಂದ ಮೇಲಿನ ಸಾಲು ಪೂರ್ತಿ ದಂಡ. ಮುಚ್ಚಿದ ಮೇಲೆ ಯಾರಿಗೂ ಕಾಣದ ಕೆಲಸ ಇದು. ಅದಕ್ಕೇ ಹಿಟಾಚಿಯಲ್ಲಿ ತೋಡಿಸಿದರೆ ಸಾಕಲ್ವಾ ಅನ್ನುವವರಿಗೆ ನಾನು ಟ್ರೆಂಚರ್, ಅಂದರೆ ಚೈನಿನಿಂದ ಕಂದಕ ಕೊರೆಯುವ ಗಾಡಿಯ ಕಡೆಗೇ ಹೇಳುತ್ತೇನೆ. ಹಿಟಾಚಿಯ ಬಕೆಟ್ ಅಗಲವಾಗಿ, ಏರುತಗ್ಗಾಗಿ ಕೊರೆಯುತ್ತದೆ. ತಳವನ್ನು ಆಳುಗಳೇ ಸಮ ಮಾಡಬೇಕು. ಟ್ರೆಂಚರಿನ ಚೈನು ಕಿರಿದಾಗಿ ಕೊರೆಯುತ್ತದೆ, ಬೆನ್ನಿಗಿರುವ ಪೆಟ್ಟಿಗೆಯೊಳಗಿಂದ ಕೊಳವೆ ಅದೇ ತಳಕ್ಕೆ ಇಳಿಯುತ್ತದೆ.

ಆಳವನ್ನು ಕಾಯುವುದು ಲೇಸರ್. ಹೊಲದಲ್ಲಿ ಟ್ರೈಪಾಡ್ ಮೇಲೆ ಸುತ್ತುವ ಲೇಸರ್, ಗಾಡಿಯ ಕಂಬದಲ್ಲಿ ಅದನ್ನು ಹಿಡಿಯುವ ರಿಸೀವರ್. ಗಾಡಿ ಬದು ಹತ್ತಿದರೂ ಗುಂಡಿಗಿಳಿದರೂ ಹೈಡ್ರಾಲಿಕ್ ತಾನೇ ಚೈನನ್ನು ಮೇಲೆ ಕೆಳಗೆ ಮಾಡಿ ಗೆರೆ ಹಿಡಿಯುತ್ತದೆ. ಆದರೆ ಅದಕ್ಕೂ ಸ್ವಲ್ಪ ಹೊತ್ತು ಬೇಕು. ಆಪರೇಟರ್ ಅವಸರ ಮಾಡಿದರೆ ತಿದ್ದುವಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತದೆ, ಕೊಳವೆ ಅಲೆಅಲೆಯಾಗಿ ಬೀಳುತ್ತದೆ. ಜೋರು ಗಾಳಿಗೆ ಟ್ರೈಪಾಡ್ ಅಲುಗುತ್ತದೆ. ಮೇ ತಿಂಗಳ ಮಧ್ಯಾಹ್ನ ನೆಲದ ಕಾವಿಗೆ ಕಿರಣವೇ ನಡುಗುತ್ತದೆ. ಉದ್ದದ ಸಾಲುಗಳನ್ನು ಬೆಳಗಿನ ತಂಪಿಗೇ ಮುಗಿಸಿಕೊಳ್ಳಿ.

ಕೆಲಸ ಶುರುವಾಗಬೇಕಾದದ್ದು ಯಾವಾಗಲೂ ತಗ್ಗಿನಿಂದ, ಅಂದರೆ ನೀರು ಹಳ್ಳಕ್ಕೋ ದೊಡ್ಡ ಕೊಳವೆಗೋ ಬೀಳುವ ತುದಿಯಿಂದ. ಮೇಲೆ ಹೋದಂತೆ ಹಿಂದೆ ಬಂದ ನೀರು ಹರಿದುಹೋಗುತ್ತದೆ, ಕಂದಕದಲ್ಲಿ ನಿಲ್ಲುವುದಿಲ್ಲ. ಮೊದಲು ಒಂದು ಗುಂಡಿ ತೋಡಿ ಚೈನನ್ನು ಪೂರ್ತಿ ಆಳಕ್ಕೆ ಇಳಿಸಿ, ಕೊಳವೆಯ ತುದಿಯನ್ನು ಯಾರಾದರೂ ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ಗಾಡಿ ಅದನ್ನು ಎಳೆದುಕೊಂಡೇ ಹೋಗುತ್ತದೆ. ಸುರುಳಿ ಸಲೀಸಾಗಿ ಬಿಚ್ಚಿಕೊಳ್ಳಲಿ. ಬಿಸಿಲಿಗೆ ಮೆತ್ತಗಾದ ಕೊಳವೆ ಜಗ್ಗಿದರೆ ಹಿಗ್ಗುತ್ತದೆ, ತೂತು ಅಗಲವಾಗುತ್ತದೆ, ಮಣ್ಣು ಒಳಗೆ ಬರುತ್ತದೆ.

ಕಂದಕದಲ್ಲಿ ನೀರು ಒಸರಿದರೆ ಖಾಲಿ ಕೊಳವೆ ತೇಲಿಬಿಡುತ್ತದೆ. ಕಷ್ಟಪಟ್ಟು ಹಿಡಿದ ಇಳಿಜಾರು ಆ ಕ್ಷಣಕ್ಕೇ ಹೋಯಿತು. ಹಾಗಾಗಿ ಕೊಳವೆ ಬಿದ್ದ ಹಿಂದೆಯೇ ಮಟ್ಟದ ಕೋಲು ಇಟ್ಟು ನೋಡಬೇಕು, ತಕ್ಷಣ ಅದರ ಮೇಲೆ ಒಂದಿಷ್ಟು ಸಡಿಲ ಮಣ್ಣು ಎಳೆಯಬೇಕು. ಇಲ್ಲಿ ನಾನು ರಾಜಿ ಆಗುವುದಿಲ್ಲ. ಸಂಜೆಯಾಗಿದೆ, ಗಾಡಿ ಬಾಡಿಗೆ ಏರುತ್ತಿದೆ, ಎಲ್ಲರೂ ದಣಿದಿದ್ದಾರೆ. ಆದರೂ ಮಟ್ಟ ನೋಡದೆ ಮುಚ್ಚಬಾರದು.

ಎರೆ ಮಣ್ಣಿನ ಹದ ಇನ್ನೊಂದು ತಲೆನೋವು. ಹಸಿ ಜಾಸ್ತಿಯಾದರೆ ಜಿಗುಟು ಮಣ್ಣು ಚೈನಿಗೆ ಮೆತ್ತಿಕೊಳ್ಳುತ್ತದೆ, ಕಂದಕದ ಗೋಡೆಯನ್ನು ಗಾರೆ ಬಳಿದಂತೆ ನುಣ್ಣಗೆ ಮಾಡಿಬಿಡುತ್ತದೆ. ಆ ಗೋಡೆ ದಾಟಿ ನೀರು ಕೊಳವೆಗೆ ಬರುವುದು ಕಷ್ಟ. ಎರೆಯಲ್ಲಿ ಬಹಳಷ್ಟು ನೀರು ಇಳಿಯುವುದೇ ತುಂಬಿದ ಸಡಿಲ ಮಣ್ಣಿನ ಮೂಲಕ. ಆದ್ದರಿಂದ ಒಣಗಿದ ಪುಡಿ ಮಣ್ಣೇ ಒಳಗೆ ಹೋಗಲಿ, ಅದರ ಮೇಲೆ ಟ್ರ್ಯಾಕ್ಟರ್ ಓಡಿಸಿ ಒತ್ತಬೇಡಿ. ಬೇಸಿಗೆ ಭತ್ತ ಕೊಯ್ದು, ನಾಲೆ ನಿಂತು, ಮಳೆ ಹಿಡಿಯುವ ಮೊದಲಿನ ಕೆಲವು ವಾರಗಳೇ ನಮ್ಮ ಕಾಲ. ಮೊದಲ ಸಲ ನೀರು ಕಟ್ಟುವಾಗ ಸಾಲಿನ ಎರಡೂ ಬದಿ ಸಣ್ಣ ಬದು ಹಾಕಿ. ನೇರ ನುಗ್ಗಿದ ನೀರು ಸಡಿಲ ಮಣ್ಣನ್ನು ಕೊಳವೆಗೆ ಕೊಚ್ಚಿಕೊಂಡು ಹೋಗುತ್ತದೆ.

ಚೈನಿಗೆ ಸಿಕ್ಕ ಮಣ್ಣು ಬಿಡಿಸುವಾಗ ಎಂಜಿನ್ ಆಫ್ ಆಗಿರಲೇಬೇಕು. ತೆರೆದ ಕಂದಕಕ್ಕೆ ಯಾರೂ ಇಳಿಯಬಾರದು, ಎರೆಯ ಗೋಡೆ ಸುಳಿವು ಕೊಡದೆ ಕುಸಿಯುತ್ತದೆ.

ಹೊಲಕ್ಕೆ ಗಾಡಿ ಇಳಿಸುವ ಮುಂಚೆ ಮನೆಯ ಹಿರಿಯರನ್ನು ಕರೆದು ಜೊತೆಗೆ ನಡೆಯಿರಿ. ಬೋರ್‌ವೆಲ್ ಕೇಬಲ್, ಪಂಪ್‌ಸೆಟ್ಟಿನ ಹಳೇ ಪೈಪು ಎಲ್ಲಿ ಹೂತಿದೆ ಅಂತ ಅವರಿಗೇ ಗೊತ್ತಿರುತ್ತದೆ. ಕೆಲಸ ಮುಗಿದ ಮೇಲೆ ಹೊಸ ಸಾಲುಗಳ ನಕ್ಷೆಯ ಒಂದು ಪ್ರತಿಯನ್ನು ಅದೇ ಮನೆಯಲ್ಲಿ ಬಿಟ್ಟು ಬನ್ನಿ. ನಾಳೆ ಅವರ ಮಗ ಹೊಸ ಪೈಪ್‌ಲೈನಿಗೆ ತೋಡಿಸುವಾಗ ನಮ್ಮ ಕೊಳವೆ ಉಳಿಯುವುದು ಆ ಹಾಳೆಯಿಂದಲೇ.