ಎರಡನೆಯ ಸ್ಥಾನ ಪಡೆದ ಅಸಿಂಧು ಮತಗಳು

ಪತ್ರಿಕೆಯ ವಿದೇಶ ಸುದ್ದಿಯ ಪುಟವನ್ನು ಬಹುಕಾಲ ನೋಡಿಕೊಂಡ ಮೇಲೆ ನನಗೊಂದು ರೂಢಿ ಬಿದ್ದಿದೆ. ಇರಾನಿನ ಚುನಾವಣಾ ಫಲಿತಾಂಶ ಬಂದಾಗ ಗೆದ್ದವರು ಯಾರೆಂದು ನೋಡುವ ಮೊದಲು ಮತದಾನ ಶೇಕಡಾ ಎಷ್ಟಾಯಿತು, ಅದರಲ್ಲಿ ಅಸಿಂಧುವಾದ ಮತಗಳೆಷ್ಟು ಎಂದು ಹುಡುಕುತ್ತೇನೆ. 2021ರಲ್ಲಿ ಇಬ್ರಾಹಿಂ ರಈಸಿ ಸುಮಾರು 1.8 ಕೋಟಿ ಮತ ಪಡೆದು ಅಧ್ಯಕ್ಷರಾದಾಗ ಅವರ ನಂತರದ ಅಭ್ಯರ್ಥಿ ಮೊಹ್ಸೆನ್ ರೆಜಾಯಿಗೆ ಬಂದದ್ದು ಸುಮಾರು 34 ಲಕ್ಷ. ಅಸಿಂಧು ಮತಗಳು ಸುಮಾರು 37 ಲಕ್ಷ.

ಅಲ್ಲಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಯ ಹೆಸರನ್ನು ಚೀಟಿಯ ಮೇಲೆ ಸ್ವಹಸ್ತದಿಂದ ಬರೆಯುವ ಪದ್ಧತಿಯಿದೆ. ಏನನ್ನೂ ಬರೆಯದೆ ಮಡಚಿ ಹಾಕಿದ ಚೀಟಿ ಅಸಿಂಧುವಾದರೂ ಮತದಾನದ ಪ್ರಮಾಣಕ್ಕೆ ಸೇರುತ್ತದೆ. ಮತ ಹಾಕಿದ ಗುರುತಿಗೆ ‘ಶೆನಾಸ್ನಾಮೆ’ ಎಂಬ ಗುರುತಿನ ಪುಸ್ತಿಕೆಯಲ್ಲಿ ಮುದ್ರೆ ಒತ್ತುವ ವಾಡಿಕೆ ದೀರ್ಘಕಾಲ ಇದ್ದುದರಿಂದ, ಅದಿಲ್ಲದಿದ್ದರೆ ನಾಳೆ ಸರ್ಕಾರಿ ನೌಕರಿಗೆ ತೊಡಕಾದೀತೆಂಬ ಅಳುಕಿನಿಂದಲೇ ಮತಗಟ್ಟೆಗೆ ಹೋದವರೂ ಉಂಟು. ಅಸಿಂಧುವಾದ ಪ್ರತಿ ಚೀಟಿಯೂ ಪ್ರತಿಭಟನೆಯೆಂದು ನಾನು ಹೇಳಲಾರೆ. ಆದರೆ ಇಷ್ಟೊಂದು ಜನ ಕೈತಪ್ಪಿನಿಂದ ಹೀಗೆ ಮಾಡಿದರೆಂದು ನಂಬುವುದೂ ಕಷ್ಟ.

ಇದರ ಬೇರು, ಯಾರು ಸ್ಪರ್ಧಿಸಬಹುದೆಂದು ತೀರ್ಮಾನಿಸುವ ಗಾರ್ಡಿಯನ್ ಕೌನ್ಸಿಲ್ ಎಂಬ ಮಂಡಳಿಯಲ್ಲಿದೆ. ಅದರ 12 ಸದಸ್ಯರಲ್ಲಿ 6 ಮಂದಿ ಧರ್ಮಶಾಸ್ತ್ರಜ್ಞರನ್ನು, ಅಧ್ಯಕ್ಷರಿಗಿಂತಲೂ ಮೇಲಿನ ಅಧಿಕಾರವಿರುವ ಧರ್ಮಗುರುವಾದ ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ. ಉಳಿದ 6 ಮಂದಿ ಕಾನೂನು ತಜ್ಞರನ್ನು ಸಂಸತ್ತು ಆರಿಸುತ್ತದೆಯಾದರೂ ಹೆಸರು ಸೂಚಿಸುವವರು ನ್ಯಾಯಾಂಗದ ಮುಖ್ಯಸ್ಥರು, ಅವರನ್ನು ನೇಮಿಸುವವರು ಮತ್ತದೇ ಸರ್ವೋಚ್ಚ ನಾಯಕರು. ಸಂವಿಧಾನದ 99ನೆಯ ವಿಧಿಯಲ್ಲಿರುವುದು ಚುನಾವಣೆಯ ‘ಮೇಲ್ವಿಚಾರಣೆ’ ಎಂಬ ಮಾತು ಮಾತ್ರ. ಅಭ್ಯರ್ಥಿಗಳನ್ನು ಒಪ್ಪುವ, ತಳ್ಳಿಹಾಕುವ ಅಧಿಕಾರವೂ ಆ ಒಂದು ಪದದಲ್ಲಿ ಅಡಕವಾಗಿದೆಯೆಂದು 1991ರಲ್ಲಿ ಅರ್ಥೈಸಿದ್ದು ಕೌನ್ಸಿಲ್ಲೇ! 2021ರಲ್ಲಿ ಹೆಸರು ನೋಂದಾಯಿಸಿದ್ದ 592 ಮಂದಿಯಲ್ಲಿ ಕಣಕ್ಕಿಳಿಯಲು ಒಪ್ಪಿಗೆ ಸಿಕ್ಕಿದ್ದು 7 ಜನರಿಗೆ. 12 ವರ್ಷ ಸಂಸತ್ತಿನ ಸ್ಪೀಕರ್ ಆಗಿದ್ದ ಅಲಿ ಲಾರಿಜಾನಿಯವರಂಥವರೇ ಆ ಪಟ್ಟಿಯಲ್ಲಿರಲಿಲ್ಲ.

ರಈಸಿ ಹೆಲಿಕಾಪ್ಟರ್ ಅಪಘಾತದಲ್ಲಿ ಮೃತಪಟ್ಟ ಬಳಿಕ 2024ರ ಜೂನ್ 28ರಂದು ನಡೆದ ಮೊದಲ ಸುತ್ತಿನಲ್ಲಿ ಮತದಾನ ಶೇ 40ಕ್ಕೆ ಕುಸಿಯಿತು. ಒಂದು ವಾರದ ನಂತರ ಎರಡನೆಯ ಸುತ್ತಿನಲ್ಲಿ, ಸುಧಾರಣಾವಾದಿ ಮಸೂದ್ ಪೆಜೆಶ್ಕಿಯಾನ್ ಮತ್ತು ಕಟ್ಟರ್‌ವಾದಿ ಸಯೀದ್ ಜಲೀಲಿ ಇಬ್ಬರೇ ಉಳಿದಾಗ, ಹೆಚ್ಚುವರಿಯಾಗಿ ಸುಮಾರು 60 ಲಕ್ಷ ಮತಗಳು ಬಿದ್ದವು. ಪೆಜೆಶ್ಕಿಯಾನ್ ಮೇಲಿನ ಭರವಸೆಗಿಂತ ಜಲೀಲಿ ಬಂದಾರೆಂಬ ಭಯವೇ ಇವರಲ್ಲಿ ಹಲವರನ್ನು ಎಬ್ಬಿಸಿತೆಂದು ನನ್ನ ಅಂದಾಜು. ಅಂದು ಗೆದ್ದ ಪೆಜೆಶ್ಕಿಯಾನ್ ಅವರ ಚಿತ್ರದಡಿ ನಾನು ಸೇರಿಸಿದ ಸಾಲು ಇದು: ‘ಅರ್ಹ ಮತದಾರರಲ್ಲಿ ಅರ್ಧದಷ್ಟು ಮಂದಿ ಈ ಸಲವೂ ಮತಗಟ್ಟೆಗೆ ಬರಲಿಲ್ಲ.’