ಮಾತು ಮುಗಿದ ಮೇಲೂ ದಾಳ ಹಾಕಬೇಕೆ?

ಜಯನಗರ, ಇಂದಿರಾನಗರ, ಕೋರಮಂಗಲದ ಬೋರ್ಡ್ ಗೇಮ್ ಕೆಫೆಗಳಲ್ಲಿ ಗೇಮ್ ಮಾಸ್ಟರ್ ಆಗಿ ಕೂತು ರೋಲ್‌ಪ್ಲೇಯಿಂಗ್ ಆಟಗಳನ್ನು ನಡೆಸುವುದು ನನ್ನ ವೃತ್ತಿ. ಈ ಆಟಗಳಲ್ಲಿ ಪ್ರತಿ ಆಟಗಾರರೂ ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುತ್ತಾರೆ, ಪಾತ್ರ ಮಾಡಹೊರಟದ್ದು ಕೈಗೂಡಿತೇ ಎಂಬುದನ್ನು ದಾಳ ಹೇಳುತ್ತದೆ. ಸನ್ನಿವೇಶವನ್ನೂ ಉಳಿದ ಪಾತ್ರಗಳನ್ನೂ ನಡೆಸುವವನು ಗೇಮ್ ಮಾಸ್ಟರ್. ಟೇಬಲ್ಲಿಗೆ ಹೊಸದಾಗಿ ಬಂದವರಿಂದ ಎರಡು ಮಾತುಗಳನ್ನು ಮೇಲಿಂದ ಮೇಲೆ ಕೇಳುತ್ತೇನೆ. "ಅಷ್ಟು ಚೆನ್ನಾಗಿ ಮಾತಾಡಿದೆನಲ್ಲ ಸರ್, ಮತ್ತೆ ದಾಳ ಯಾಕೆ ಹಾಕಬೇಕು?" ಎನ್ನುವುದು ಒಂದು. "ನಂಗೆ ಆ್ಯಕ್ಟಿಂಗ್ ಎಲ್ಲ ಬರಲ್ಲ ಸರ್, ಸುಮ್ನೆ ದಾಳ ಹಾಕಿಬಿಡ್ಲಾ?" ಎನ್ನುವುದು ಇನ್ನೊಂದು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೂ ಇಬ್ಬರಿಗೂ ಹೂಂ ಎಂದುಬಿಟ್ಟರೆ ಆಟ ಉಳಿಯುವುದಿಲ್ಲ ಎಂಬುದು ನನ್ನ ಅನುಭವ.

ಈ ತೊಡಕಿನ ಮೂಲ ಬಹಳ ಹಳೆಯದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಪ್ರಕಟವಾದಾಗಲೇ ಪ್ರತಿ ಪಾತ್ರದ ಆರು ಗುಣಗಳಲ್ಲಿ ಕರಿಸ್ಮಾ, ಅಂದರೆ ವರ್ಚಸ್ಸು, ಒಂದಾಗಿತ್ತು. ಕತ್ತಿ ಬೀಸುವ ಪಾತ್ರದ ಆಟಗಾರನಿಗೆ ಯಾರೂ ಎದ್ದು ನಿಂತು ಕತ್ತಿ ಬೀಸಿ ತೋರಿಸು ಎನ್ನುವುದಿಲ್ಲ. ಬೀಗ ತೆರೆಯುವವನ ಮುಂದೆ ನಿಜವಾದ ಬೀಗವನ್ನು ಇಡುವುದಿಲ್ಲ. ಮಾತೊಂದನ್ನು ಮಾತ್ರ ಆಟಗಾರ ಕುರ್ಚಿಯಲ್ಲಿ ಕೂತೇ ನಿಜವಾಗಿ ಮಾಡಿ ತೋರಿಸಬಲ್ಲ. ಹಾಗಾಗಿ ಇಲ್ಲಿ ಗೆಲ್ಲಬೇಕಾದದ್ದು ಪಾತ್ರವೋ ಆಟಗಾರನೋ ಎಂಬ ಗೊಂದಲ ಹುಟ್ಟುತ್ತದೆ.

ಆಟಗಳನ್ನು ರಚಿಸಿದವರೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 2000ದ ಮೂರನೆಯ ಆವೃತ್ತಿಯಲ್ಲಿ, ಹಗೆಯಾಗಿದ್ದವನನ್ನು ಸ್ನೇಹಿತನನ್ನಾಗಿ ಮಾಡಲು ಡಿಪ್ಲೊಮಸಿ ಎಂಬ ಸಂಧಾನ ಕೌಶಲದ ಪರೀಕ್ಷೆಯಲ್ಲಿ ಒಟ್ಟು 35 ಬರಬೇಕು ಎಂದು ಕೋಷ್ಟಕವೇ ಇತ್ತು. ಒಂದು ಮಾತೂ ಆಡದೆ ಆ ಕೋಷ್ಟಕವನ್ನು ಬಳಸಬಹುದಿತ್ತು. ಅದಕ್ಕೂ ಮುಂಚೆ, 1991ರಲ್ಲಿ, ಎರಿಕ್ ವುಯ್ಚಿಕ್ ಅವರ ಆ್ಯಂಬರ್ ಡೈಸ್‌ಲೆಸ್ ಎಂಬ ಆಟ ದಾಳವನ್ನೇ ಕೈಬಿಟ್ಟಿತ್ತು. ನಾನು ಎರಡು ಬಗೆಯ ಆಟಗಳನ್ನೂ ನಡೆಸಿದ್ದೇನೆ, ಎರಡರಲ್ಲೂ ಸೊಗಸಿದೆ. ಆದರೆ ಹೊಸಬರೂ ಹಳಬರೂ ಕಲೆತಿರುವ ಬೆಂಗಳೂರಿನ ಟೇಬಲ್ಲಿಗೆ ನಡುವಿನ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಮಾತುಗಾರರ ವಿಚಾರ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಕರಿಸ್ಮಾ 8 ಇರುವ ಪಾತ್ರಕ್ಕೆ ಇಪ್ಪತ್ತು ಮುಖದ ದಾಳದಲ್ಲಿ ಬಿದ್ದ ಗರದಿಂದ 1 ಕಳೆಯಬೇಕು. ಕರಿಸ್ಮಾ 16 ಇದ್ದು ಪರ್ಸ್ಯುಯೇಷನ್ ಎಂಬ ಮನವೊಲಿಸುವ ಕೌಶಲ ಕಲಿತ ಮೊದಲ ಹಂತದ ಪಾತ್ರಕ್ಕೆ 5 ಕೂಡುತ್ತದೆ. ಗುರಿ 15, ಅಂದರೆ ಗೆಲ್ಲಲು ಒಟ್ಟು 15 ಅಥವಾ ಹೆಚ್ಚು ಬರಬೇಕು ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ ಗೆಲ್ಲುವ ಸಾಧ್ಯತೆ ಶೇಕಡಾ 25, ಎರಡನೆಯದಕ್ಕೆ 55. ಈ 30ರ ಅಂತರಕ್ಕಾಗಿ ಆಟಗಾರ್ತಿಯೊಬ್ಬರು ತಮ್ಮ ಪಾತ್ರದ ತೋಳ್ಬಲವನ್ನೋ ಆರೋಗ್ಯವನ್ನೋ ಬಿಟ್ಟುಕೊಟ್ಟಿರುತ್ತಾರೆ. ಪಕ್ಕದಲ್ಲಿ ಕೂತವರು ಕರಿಸ್ಮಾವನ್ನು 8ಕ್ಕೆ ಇಳಿಸಿ, ಉಳಿದ ಅಂಕಗಳನ್ನೆಲ್ಲ ಶಕ್ತಿಗೆ ಸುರಿದು, ಸಮಯ ಬಂದಾಗ ಸ್ವಂತ ವಾಕ್ಚಾತುರ್ಯದಿಂದ ಕೆಲಸ ಸಾಧಿಸಿಕೊಂಡರೆ ಮೊದಲನೆಯವರಿಗೆ ಆಗುವುದು ಅನ್ಯಾಯವೇ. ನಮ್ಮ ಟೇಬಲ್ಲುಗಳಲ್ಲಿ ಧಾರವಾಡದವರು, ಮಂಗಳೂರಿನವರು, ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತವರು, ಅಪರಿಚಿತರ ಮುಂದೆ ಬಾಯಿ ಬಿಡಲು ಹಿಂಜರಿಯುವವರು ಎಲ್ಲರೂ ಒಟ್ಟಿಗೆ ಕೂರುತ್ತಾರೆ. ನಿರರ್ಗಳತೆಗೆ ಬಹುಮಾನ ಕೊಡತೊಡಗಿದರೆ ಮೂರನೆಯ ಸೆಷನ್ ಹೊತ್ತಿಗೆ ಮಾತಾಡುವವರು ಇಬ್ಬರೇ ಉಳಿಯುತ್ತಾರೆ.

ಹಾಗೆಂದು "ಕಾವಲುಗಾರನನ್ನು ಒಪ್ಪಿಸುತ್ತೇನೆ" ಎಂದಷ್ಟೇ ಹೇಳಿ ದಾಳ ಎತ್ತಿಕೊಳ್ಳುವುದನ್ನೂ ನಾನು ಬಿಡುವುದಿಲ್ಲ. 18 ಬಿತ್ತು ಎನ್ನೋಣ. ಕಾವಲುಗಾರ ಏನನ್ನು ನಂಬಿದ? ನಾಳೆ ಅವನು ಯಾರಿಗೆ ಏನು ಹೇಳುತ್ತಾನೆ? ಕಥೆ ಮುಂದುವರಿಯಲು ಬೇಕಾದ ಸಾಮಗ್ರಿಯೇ ನನ್ನ ಕೈಗೆ ಬಂದಿರುವುದಿಲ್ಲ.

ಒಂದು ಸಂದರ್ಭವನ್ನು ವಿವರವಾಗಿ ಹೇಳುತ್ತೇನೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಯನ್ನೇ ಹಿನ್ನೆಲೆಯಾಗಿಟ್ಟುಕೊಂಡು ಒಂದು ಕಥೆ ನಡೆಸುತ್ತಿದ್ದೆ. ರಾತ್ರಿ ಕೋಟೆಯ ಹಲಸೂರು ಬಾಗಿಲು ಮುಚ್ಚಿದೆ. ಎಣ್ಣೆ ಗಡಿಗೆಗಳ ಕೆಳಗೆ ಆಯುಧ ಬಚ್ಚಿಟ್ಟುಕೊಂಡ ಗಾಡಿಯೊಂದು ಒಳಗೆ ಹೋಗಬೇಕು. ಕರಿಸ್ಮಾ 16 ಇದ್ದ ಪಾತ್ರದ ಆಟಗಾರರು ಎದ್ದು ನಿಂತು, ಗಡಸು ದನಿಯಲ್ಲಿ, "ಏನಯ್ಯಾ, ಯಾರ ಗಾಡಿ ತಡೀತಾ ಇದೀಯ ಗೊತ್ತಾ? ನಾಳೆ ನಿನ್ನ ಕೆಲಸ ಇರಲ್ಲ!" ಎಂದು ಗುಡುಗಿದರು. ಟೇಬಲ್ಲಿನವರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಕಾವಲುಗಾರನ ಪಕ್ಕದಲ್ಲೇ ಅವನ ಮೇಲಿನವನು ನಿಂತಿದ್ದಾನೆ ಎಂದು ನಾನು ಮೊದಲೇ ಹೇಳಿದ್ದೆ. ನಾಲ್ಕು ಜನರೆದುರು ಏಕವಚನದಲ್ಲಿ ಗದರಿಸಿಕೊಂಡವನು ಬಾಗಿಲು ತೆರೆದರೆ ಮಾನ ಉಳಿಯುತ್ತದೆಯೇ? ಗುರಿಯನ್ನು 15ರಿಂದ 20ಕ್ಕೆ ಏರಿಸಿದೆ. ಅವರ ಸಾಧ್ಯತೆ ಶೇಕಡಾ 55ರಿಂದ 30ಕ್ಕೆ ಇಳಿಯಿತು, ದಾಳವೂ ಕೈಕೊಟ್ಟಿತು.

ಆಮೇಲೆ, ಅದುವರೆಗೆ ಸುಮ್ಮನಿದ್ದ ಒಬ್ಬರು ದಾಳಕ್ಕೆ ಕೈ ಹಾಕಿದರು. ಅವರ ಪಾತ್ರದ ಕರಿಸ್ಮಾ 8. ಹಾಕುವ ಮುಂಚೆ ಕೇಳಿದೆ: ಅವನಿಂದ ನಿಮಗೆ ಏನು ಬೇಕು, ಅವನಿಗೆ ನೀವು ಏನು ಕೊಡುತ್ತೀರಿ, ಅವನು ಯಾವುದಕ್ಕೆ ಹೆದರುತ್ತಾನೆ ಎಂದುಕೊಂಡಿದ್ದೀರಿ? ಅವರು ನಟಿಸಲಿಲ್ಲ, ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು: "ನನ್ನ ಕ್ಯಾರೆಕ್ಟರ್ ಅವನ ಮೇಲಿನವನ ಹತ್ರ ಹೋಗಿ, ಇದು ಬೆಳಗಿನ ಪೂಜೆಗೆ ದೇವಸ್ಥಾನದ ದೀಪಕ್ಕೆ ಬೇಕಾದ ಎಣ್ಣೆ, ತಡವಾದ್ರೆ ಅರ್ಚಕರು ಕೇಳೋದು ನಮ್ಮನ್ನಲ್ಲ, ಬಾಗಿಲಲ್ಲಿದ್ದವರನ್ನ ಅಂತ ಮೆಲ್ಲಗೆ ಹೇಳ್ತಾಳೆ." ಇದರಲ್ಲಿ ದನಿಯ ಏರಿಳಿತ ಇರಲಿಲ್ಲ, ಆದರೆ ತಿರುಳಿತ್ತು. ಕೇಳಿದ್ದು ಬೇರೊಬ್ಬನನ್ನು, ಹಿಡಿದ ದಾರಿಯೂ ಬೇರೆ. ಆದ್ದರಿಂದ ಹೊಸದಾಗಿ ದಾಳ ಹಾಕಲು ಅವಕಾಶ ಕೊಟ್ಟು ಗುರಿಯನ್ನು 10ಕ್ಕೆ ಇಳಿಸಿದೆ. ಸಾಧ್ಯತೆ ಶೇಕಡಾ 50 ಆಯಿತು.

ಬಿದ್ದದ್ದು 9, ಒಂದು ಕಳೆದರೆ 8. ಸೋಲು. ಗೇಮ್ ಮಾಸ್ಟರ್‌ನ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ. ಗರ ಕೆಟ್ಟಿತೆಂದು ಆಕೆಯ ಪಾತ್ರ ತೊದಲಿತು, ಪೆದ್ದುಪೆದ್ದಾಗಿ ಮಾತಾಡಿತು ಎಂದು ನಾನು ಹೇಳಕೂಡದು. ಆಡಿದ ಮಾತು ಆಡಿದ ಹಾಗೆಯೇ ಉಳಿಯಬೇಕು. ಸೋಲಿನ ಕಾರಣವನ್ನು ಎದುರಿನವನಲ್ಲಿ ಹುಡುಕಬೇಕು. ಮೇಲಿನವನು ಆಕೆಯ ಮಾತನ್ನು ಪೂರ್ತಿ ನಂಬಿದ, ದೈವಭಕ್ತ ಬೇರೆ: "ದೇವರ ಎಣ್ಣೆ ಅಂತೀಯ ತಾಯಿ, ಒಂದು ಗಡಿಗೆ ಕೆಳಗಿಳಿಸು, ಕಣ್ಣಿಗೊತ್ತಿಕೊಂಡು ಬಿಡ್ತೀನಿ." ಗಡಿಗೆ ಎತ್ತಿದರೆ ಕೆಳಗಿನ ಕತ್ತಿಗಳು ಕಾಣುತ್ತವೆ. ಅಲ್ಲಿಂದ ಮುಂದಿನ ಒಂದು ಗಂಟೆಯ ಆಟ ಆ 8ರಿಂದಲೇ ಹುಟ್ಟಿತು.

ತಾಳಮದ್ದಳೆಯಲ್ಲಿ ಅರ್ಥ ಹೇಳಿ ಅಭ್ಯಾಸವಿದ್ದವರು ನಮ್ಮ ಟೇಬಲ್ಲಿಗೆ ಬಂದರೆ ಪಾತ್ರದೊಳಗೆ ನಿಂತು ಮಾತಾಡುವುದು ಅವರಿಗೆ ಕೂಡಲೇ ಒಗ್ಗುತ್ತದೆ. ಆದರೆ ಅಲ್ಲಿ ಕೃಷ್ಣ ಎಷ್ಟೇ ಸೊಗಸಾಗಿ ವಾದಿಸಿದರೂ ಸಂಧಾನ ಮುರಿಯಲೇಬೇಕು. ಪ್ರಸಂಗದ ಗತಿ ಮೊದಲೇ ನಿಶ್ಚಯವಾಗಿರುವುದರಿಂದಲೇ ಅರ್ಥಧಾರಿ ನಿಶ್ಚಿಂತೆಯಿಂದ ಮಾತನ್ನು ಬೆಳೆಸಬಲ್ಲ. ನಮ್ಮಲ್ಲಿ ಬರೆದಿಟ್ಟ ಪ್ರಸಂಗವಿಲ್ಲ. ಮಾತಿನ ಫಲವನ್ನು ಮಾತಾಡಿದವರ ಕೈಯಿಂದಲೂ ನನ್ನ ಕೈಯಿಂದಲೂ ಹೊರಗೆ ಇಡುವ ಕೆಲಸವನ್ನು ನಮ್ಮಲ್ಲಿ ದಾಳ ಮಾಡುತ್ತದೆ.

ಎಲ್ಲದಕ್ಕೂ ದಾಳ ಬೇಕಿಲ್ಲ. ಕಾವಲುಗಾರನಿಗೆ ಬಾಗಿಲು ತೆರೆಯಲು ಅಡ್ಡಿಯೇ ಇಲ್ಲದಿದ್ದರೆ ತೆರೆಯಲಿ. ಪಾಳೆಯಗಾರ ತನ್ನ ಪಾಳೆಯಪಟ್ಟನ್ನು ದಾರಿಹೋಕರಿಗೆ ಬರೆದುಕೊಡುವುದಿಲ್ಲ, 20 ಬಿದ್ದರೂ ಕೊಡುವುದಿಲ್ಲ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯ ನಿಯಮದಲ್ಲೂ 20 ಬಿದ್ದರೆ ತಾನಾಗಿ ಗೆಲುವು ಎಂಬುದು ದಾಳಿಗೆ ಮಾತ್ರ, ಇಂಥ ಪರೀಕ್ಷೆಗಳಿಗಲ್ಲ. ಒಮ್ಮೆ ಬಿದ್ದ ಗರ, ಸನ್ನಿವೇಶ ಬದಲಾಗುವವರೆಗೆ ನಿಲ್ಲಬೇಕು ಎಂಬ ಬರ್ನಿಂಗ್ ವೀಲ್ ಆಟದ ನಿಯಮವನ್ನು ನಾನು ಎಲ್ಲ ಆಟಗಳಲ್ಲೂ ಪಾಲಿಸುತ್ತೇನೆ. ಅದೇ ಮಾತನ್ನು ಮೂವರು ಸರದಿಯಲ್ಲಿ ಹೇಳಿ ಮೂರು ಬಾರಿ ದಾಳ ಹಾಕಿದರೆ ಶೇಕಡಾ 25ರ ಸಾಧ್ಯತೆ ಸುಮಾರು 58ಕ್ಕೆ ಏರಿಬಿಡುತ್ತದೆ.

ಮಾತಿನ ವ್ಯವಹಾರಕ್ಕೆ ನನಗೆ ಹೆಚ್ಚು ಹಿಡಿಸಿದ್ದು 2010ರ ಅಪಾಕಲಿಪ್ಸ್ ವರ್ಲ್ಡ್ ಆಟದ ಕ್ರಮ. ಎದುರಿನವನಿಗೆ ಬೇಕಾದದ್ದೋ ಅವನು ಹೆದರುವಂಥದ್ದೋ ನಿಮ್ಮ ಹಿಡಿತದಲ್ಲಿ ಇಲ್ಲದಿದ್ದರೆ ಅಲ್ಲಿ ದಾಳ ಹಾಕುವಂತೆಯೇ ಇಲ್ಲ. ಹಾಕುವುದು ಆರು ಮುಖದ ಎರಡು ದಾಳ: 10 ಅಥವಾ ಹೆಚ್ಚು ಬಂದರೆ ಗೆಲುವು, 6 ಅಥವಾ ಕಡಿಮೆ ಬಂದರೆ ತೊಂದರೆ, 7ರಿಂದ 9 ಬಂದರೆ ಕೆಲಸವಾಗುತ್ತದೆ, ಆದರೆ ಬೆಲೆ ತೆರಬೇಕು. ಏನನ್ನೂ ಕೂಡದೆ ಕಳೆಯದೆ ನೋಡಿದರೆ 36 ಗರಗಳಲ್ಲಿ 15 ಈ ನಡುವಿನ ಪಾಲಿಗೆ ಸೇರುತ್ತವೆ.

ಆಟಗಾರರ ಪಾತ್ರಗಳು ಪರಸ್ಪರ ಮನವೊಲಿಸುವ ಪ್ರಸಂಗ ಬಂದಾಗ ಮಾತ್ರ ನಾನು ದಾಳವನ್ನು ಪೂರ್ತಿ ದೂರ ಇಡುತ್ತೇನೆ. ಒಬ್ಬರ ಪಾತ್ರ ಏನು ಭಾವಿಸಬೇಕು ಎಂಬುದನ್ನು ಇನ್ನೊಬ್ಬರ ಗರ ನಿರ್ಧರಿಸಿದರೆ, ಆ ಪಾತ್ರ ಯಾರದ್ದು ಎಂಬುದೇ ಅನುಮಾನಕ್ಕೆ ಬೀಳುತ್ತದೆ. ಅಂಥಲ್ಲಿ ಕೇಳಿಸಿಕೊಂಡವರ ಕಡೆಗೆ ತಿರುಗಿ, "ನಿಮ್ಮ ಪಾತ್ರ ಇದನ್ನು ನಂಬುತ್ತದೆಯೇ?" ಎಂದು ಕೇಳುತ್ತೇನೆ. ಎದುರಿನವರು ಸುಳ್ಳು ಹೇಳುತ್ತಿದ್ದಾರೆಯೇ ಎಂದು ತಿಳಿಯಲು ದಾಳ ಹಾಕಬೇಕೆಂದರೆ ಹಾಕಬಹುದು. ತಿಳಿದ ಮೇಲೆ ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು.